ಬೇಸಿಗೆಯ ಮೊದಲ ಎರಡು ವಾರ: ಕಲಬುರಗಿ ಪೇಟೆಗೆ ಹೋಗಿಬರುವ ರೈತರು ತಿಳಿದಿರಬೇಕಾದ ಸಂಗತಿಗಳು

ಕಲಬುರಗಿಯ ಬಿಸಿಲು ಎಂದೊಡನೆ ಮೇ ತಿಂಗಳು ನೆನಪಿಗೆ ಬರುವುದು ಸಹಜ. ಅಂಕಿ-ಅಂಶಗಳ ಮಟ್ಟಿಗೆ ಅದು ಸರಿಯೇ. ಈ ನಗರದಲ್ಲಿ ಹಗಲಿನ ಗರಿಷ್ಠ ಉಷ್ಣತೆಯ ಸರಾಸರಿಯು ಫೆಬ್ರವರಿಯಲ್ಲಿ ಸುಮಾರು 33ರಿಂದ 34 ಡಿಗ್ರಿ ಸೆಲ್ಸಿಯಸ್ ಇದ್ದು, ಮಾರ್ಚ್ ತಿಂಗಳಲ್ಲಿ 37ರ ಆಸುಪಾಸಿಗೂ, ಏಪ್ರಿಲ್‌ನಲ್ಲಿ 39–40ಕ್ಕೂ, ಮೇ ತಿಂಗಳಲ್ಲಿ 40–41ಕ್ಕೂ ಏರುತ್ತದೆ. ಆದರೆ ಮನುಷ್ಯನಿಗೆ ಒದಗುವ ಅಪಾಯವು ಈ ಅಂಕಿಗಳ ಜೊತೆಗೇ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. ಮೇ ತಿಂಗಳ 41 ಡಿಗ್ರಿಯಲ್ಲಿ ಹೊರೆ ಹೊತ್ತು ನಿಭಾಯಿಸುವ ಆಳು, ಮಾರ್ಚ್ ತಿಂಗಳ 38 ಡಿಗ್ರಿಯಲ್ಲಿ ತಲೆ ಸುತ್ತಿ ಬೀಳುವುದುಂಟು. ಇದಕ್ಕೆ ಕಾರಣವನ್ನು ಬಿಸಿಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಚಳಿಗಾಲ ಕಳೆದ ಮೈ ಆಗಿನ್ನೂ ಬಿಸಿಲಿಗೆ ಪಳಗಿರುವುದಿಲ್ಲ, ಅಷ್ಟೆ.

ದುರ್ದೈವವೆಂದರೆ ರೈತರ ಪೇಟೆಯ ಓಡಾಟ ಹೆಚ್ಚಾಗಿರುವುದೂ ಇದೇ ದಿನಗಳಲ್ಲಿ. ತೊಗರಿಯ ರಾಶಿ ಮುಗಿದು, ಕಡಲೆಯ ಕೊಯ್ಲು ಆಗಿ, ಎರಡೂ ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಕಾಲವಿದು. ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರರ ಜಾತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಜನ ಸೇರುತ್ತಾರೆ. ಬ್ಯಾಂಕಿನ ಸಾಲದ ಲೆಕ್ಕ, ಮದುವೆಯ ಸಂತೆ, ಆಸ್ಪತ್ರೆಯ ಕೆಲಸ ಇವೂ ಸೇರಿಕೊಳ್ಳುತ್ತವೆ. ಚಳಿಗಾಲವನ್ನು ಬೆಂಗಳೂರು, ಪುಣೆಗಳ ಕಟ್ಟಡ ಕೆಲಸದಲ್ಲಿ ಕಳೆದು ಯುಗಾದಿಗೆ ಊರಿಗೆ ಮರಳುವ ಕೂಲಿಕಾರರ ಸಂಖ್ಯೆಯೂ ಈ ಭಾಗದಲ್ಲಿ ಕಡಿಮೆಯಿಲ್ಲ. ಹುಟ್ಟಿ ಬೆಳೆದದ್ದು ಇದೇ ಬಿಸಿಲಿನಲ್ಲಾದ್ದರಿಂದ ತಮಗೇನೂ ಆಗದೆಂದು ಇವರು ನಂಬಿರುತ್ತಾರೆ. ವಾಸ್ತವವಾಗಿ ಬಿಸಿಲಿನ ಅಭ್ಯಾಸ ಹುಟ್ಟಿನಿಂದ ಉಳಿದುಬರುವುದಲ್ಲ, ವರ್ಷ ವರ್ಷವೂ ಹೊಸದಾಗಿ ಗಳಿಸಬೇಕಾದದ್ದು.

ಮೈ ಪಳಗುವುದು ಹೇಗೆ?

ಆರೋಗ್ಯವಂತನ ಮೈಯೊಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಕೆಲಸ ಮಾಡುವಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ, ಅದು ಚರ್ಮದ ಮೂಲಕ ಹೊರಗೆ ಹೋಗಬೇಕು. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ಈ ಕಾರ್ಯ ಸುಲಭ. ಗಾಳಿಯ ಉಷ್ಣತೆ 35 ಡಿಗ್ರಿ ದಾಟಿದ ಮೇಲೆ ಶಾಖ ಹೊರಗಿನಿಂದಲೇ ಒಳಕ್ಕೆ ಬರತೊಡಗುತ್ತದೆ. ಆಗ ಉಳಿಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಯಾವ ತಂಪೂ ಇಲ್ಲ, ನೀರು ಮಾತ್ರ ನಷ್ಟ.

ಬಿಸಿಲಿನಲ್ಲಿ ದಿನವೂ ಸ್ವಲ್ಪ ಹೊತ್ತು ದುಡಿಯುತ್ತ ಬಂದರೆ ದೇಹದಲ್ಲಿ ಕೆಲವು ಬದಲಾವಣೆಗಳಾಗುತ್ತವೆ. ಮೊದಲ ನಾಲ್ಕೈದು ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚಿ, ಎದೆಬಡಿತ ಹತೋಟಿಗೆ ಬರುತ್ತದೆ. ಆಮೇಲೆ ಬೆವರು ಬೇಗ ಬರತೊಡಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಇದೆಲ್ಲ ಪೂರ್ತಿಯಾಗಲು ಒಂದರಿಂದ ಎರಡು ವಾರ ಬೇಕು. ನೆರಳಿನಲ್ಲಿ ಕುಳಿತವನ ಮೈ ಪಳಗುವುದಿಲ್ಲ. ದಿನಕ್ಕೆ ಒಂದೂವರೆಯಿಂದ ಎರಡು ತಾಸು ಬಿಸಿಯಲ್ಲಿ ಕೈಕಾಲು ಆಡಬೇಕು. ಹಾಗೆ ಪಳಗಿದವನು ಒಂದು ವಾರ ಬಿಸಿಲಿನಿಂದ ದೂರವಿದ್ದರೆ ಗಳಿಸಿದ್ದು ಕರಗತೊಡಗುತ್ತದೆ, ಒಂದು ತಿಂಗಳಾದರೆ ಬಹುಮಟ್ಟಿಗೆ ಹೋದಂತೆಯೇ. ಜ್ವರ, ಬೇಧಿಗಳಿಂದ ಮಲಗಿ ಎದ್ದವನೂ ಹೊಸಬನ ಲೆಕ್ಕಕ್ಕೇ ಬರುತ್ತಾನೆ.

ಟೊಮೆಟೊ, ಮೆಣಸಿನ ಸಸಿಗಳನ್ನು ನಾಟಿ ಮಾಡುವ ಮುನ್ನ ಮಡಿಯಲ್ಲಿಯೇ ಹದಗೊಳಿಸುವ ಪದ್ಧತಿ ರೈತರಿಗೆ ಹೊಸದಲ್ಲ. ಇದೂ ಹಾಗೆಯೇ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಸಸಿಗೆ ನೀರು ಕಡಿಮೆ ಮಾಡಿ ಹದಗೊಳಿಸುತ್ತಾರೆ. ಮನುಷ್ಯನನ್ನು ಕಡಿಮೆ ನೀರಿಗೆ ಪಳಗಿಸಲು ಬರುವುದಿಲ್ಲ. ಪಳಗಿದ ಮೈ ಹೆಚ್ಚು ಬೆವರುವುದರಿಂದ ಅದಕ್ಕೆ ನೀರು ಇನ್ನೂ ಹೆಚ್ಚೇ ಬೇಕು. ಗಟ್ಟಿ ಆಳಾದವನು ನೀರಿಲ್ಲದೆ ಮಧ್ಯಾಹ್ನದ ತನಕ ದುಡಿಯುತ್ತಾನೆ ಎಂಬ ಹೊಗಳಿಕೆಯಿಂದ ಕೆಡುಕೇ ಹೆಚ್ಚು.

ದಕ್ಷಿಣ ಆಫ್ರಿಕಾದ ಆಳವಾದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರು ಬಿಸಿಯಿಂದ ಸಾಯುವುದನ್ನು ತಡೆಯಲು, ಕಳೆದ ಶತಮಾನದ ಮೊದಲ ಭಾಗದಲ್ಲೇ ಅವರನ್ನು ಕೆಲವು ದಿನ ಹಗುರ ಕೆಲಸದಲ್ಲಿಟ್ಟು ಪಳಗಿಸುವ ಕ್ರಮ ಬಂತು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯು, ಬಯಲಿನಲ್ಲಿ ದುಡಿಯುವವರ ಉಷ್ಣಸಂಬಂಧಿ ಸಾವುಗಳಲ್ಲಿ ಶೇಕಡಾ 50ರಿಂದ 70ರಷ್ಟು ಬಿಸಿಯಲ್ಲಿ ಕೆಲಸ ಆರಂಭಿಸಿದ ಮೊದಲ ಕೆಲವೇ ದಿನಗಳಲ್ಲಿ ಆಗುತ್ತವೆಂದು ಹೇಳುತ್ತದೆ. ಅಲ್ಲಿ ಶಿಫಾರಸು ಮಾಡಿರುವ ಕ್ರಮ ನಮ್ಮ ಕೆಲಸಗಳಿಗೂ ಒಗ್ಗುತ್ತದೆ. ಹೊಸ ಆಳಿಗೆ ಮೊದಲ ದಿನ ಪೂರ್ತಿ ಕೆಲಸದ ಐದನೆಯ ಒಂದು ಪಾಲು ಮಾತ್ರ ಬಿಸಿಲಿನಲ್ಲಿ ಕೊಡುವುದು, ಬಳಿಕ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಐದನೆಯ ದಿನಕ್ಕೆ ಪೂರ್ಣ ಕೆಲಸಕ್ಕೆ ತರುವುದು. ಹಿಂದೆ ಅದೇ ಕೆಲಸ ಮಾಡಿ ರೂಢಿಯಿದ್ದು ನಡುವೆ ಬಿಟ್ಟವರಾದರೆ ಮೊದಲ ದಿನ ಅರ್ಧ, ಎರಡನೆಯ ದಿನ ಶೇಕಡಾ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ಯುಗಾದಿಯ ಮರುದಿನವೇ ಬೆಂಗಳೂರಿನಿಂದ ಬಂದ ಮಗನನ್ನು ಹೊಲದ ಕೊರಡು ಕೀಳಲು ಕಳಿಸುವ ಮನೆಯವರು ಈ ಲೆಕ್ಕವನ್ನು ನೆನಪಿಡುವುದು ಒಳ್ಳೆಯದು.

ಪೇಟೆಯ ಬಿಸಿಲೇ ಬೇರೆ

ಆಕಾಶವಾಣಿಯಲ್ಲಿ ಹೇಳುವ ಉಷ್ಣತೆಯು ನೆರಳಿನ ಉಷ್ಣತೆ. ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಆಳೆತ್ತರಕ್ಕಿಂತ ತುಸು ಕೆಳಗೆ ಇಟ್ಟ ಉಷ್ಣಮಾಪಕ ಅದನ್ನು ತೋರಿಸುತ್ತದೆ. ಅಲ್ಲಿ 38 ಇದ್ದಾಗ ಬಿಸಿಲಿಗೆ ಬಿದ್ದ ಡಾಂಬರು ರಸ್ತೆಯ ಮೇಲ್ಮೈ 60 ಡಿಗ್ರಿಯನ್ನೂ ಮೀರಬಹುದು. ಹೊಲದಲ್ಲಿ ಬೇವಿನ ಮರವೊಂದಾದರೂ ಇರುತ್ತದೆ. ಪೇಟೆಯಲ್ಲಿ ಕಾಂಕ್ರೀಟು ಮಾಳಿಗೆ, ತಗಡಿನ ಚಪ್ಪರ, ಶಹಾಬಾದ್ ಕಲ್ಲಿನ ಹಾಸು, ನಿಂತ ಲಾರಿಗಳ ಸಾಲು, ಇವೆಲ್ಲ ಹಗಲಿಡೀ ಶಾಖ ಹೀರಿ ಸುತ್ತಲೂ ಬೀರುತ್ತಿರುತ್ತವೆ. ತಗಡಿನ ಕೆಳಗೆ ನಿಂತವನಿಗೆ ನೆರಳಿದ್ದರೂ ನೆತ್ತಿಯ ಮೇಲೆ ಬಿಸಿ ಹೆಂಚು ಇಟ್ಟಂತೆಯೇ.

ರಾತ್ರಿಯ ಸಂಗತಿ ಇನ್ನೂ ಗಮನಿಸತಕ್ಕದ್ದು. ಹಳ್ಳಿಯ ಬಯಲು ಸೂರ್ಯ ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಪೇಟೆಯ ಗೋಡೆ, ಮಾಳಿಗೆಗಳು ಹಗಲು ಹೀರಿದ್ದನ್ನು ನಡುರಾತ್ರಿಯವರೆಗೂ ಹೊರಬಿಡುತ್ತಿರುತ್ತವೆ. ಹಗಲು ಕಾದ ದೇಹಕ್ಕೆ ರಾತ್ರಿಯ ತಂಪು ಸಿಗದಿದ್ದರೆ ಮರುದಿನದ ಬಿಸಿಲನ್ನು ಅದು ದಣಿವಿನಿಂದಲೇ ಎದುರಿಸಬೇಕಾಗುತ್ತದೆ. ಮಾಲು ಕಾಯಲು ಪ್ರಾಂಗಣದಲ್ಲಿ ಮಲಗುವ ರೈತರು ಕಾದ ಗೋಡೆಯ ಮಗ್ಗುಲು, ಕಲ್ಲುಹಾಸು ಬಿಟ್ಟು ಗಾಳಿ ಬೀಸುವ ತೆರಪಿನಲ್ಲಿ ಮಲಗಬೇಕು. ಮಲಗುವ ಮೊದಲು ಒಂದು ಕೊಡ ನೀರು ಮೈಗೆ ಹೊಯ್ದುಕೊಂಡು, ಒದ್ದೆ ಪಂಚೆ ಹೊದ್ದರೆ ಕಲಬುರಗಿಯ ಒಣಗಾಳಿಯಲ್ಲಿ ಚೆನ್ನಾಗಿ ತಂಪಾಗುತ್ತದೆ. ಕರಾವಳಿಯ ಮಂಗಳೂರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ನೀರು ಬೇಗ ಆರದು.

ದಿನದ ಉಷ್ಣತೆ ತುತ್ತತುದಿಗೆ ಏರುವುದು ನೆತ್ತಿಯ ಮೇಲೆ ಸೂರ್ಯ ಬಂದಾಗ ಅಲ್ಲ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ನಡುವೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಿಸುವ ರೂಢಿಯಿದೆ. ನೌಕರರಿಗೆ ಇದು ಅನುಕೂಲವೇ ಸರಿ. ಆದರೆ ಹತ್ತು ಗಂಟೆಯ ಬಸ್ಸು ಹಿಡಿದು ಬರುವ ರೈತನಿಗೆ ಕಚೇರಿ ಮುಚ್ಚುವ ಹೊತ್ತಿಗೆ ಕೆಲಸವೂ ಆಗಿರುವುದಿಲ್ಲ, ಹಿಂದಿರುಗುವುದಕ್ಕೆ ಸಿಗುವುದು ದಿನದ ಅತಿ ಕೆಟ್ಟ ಹೊತ್ತು. ಆದಕಾರಣ ನಸುಕಿನ ಬಸ್ಸಿಗೇ ಹೊರಟು ಎಂಟಕ್ಕೆ ಬಾಗಿಲಲ್ಲಿರುವುದು, ಕೆಲಸ ಮುಗಿದರೆ ಹನ್ನೊಂದರೊಳಗೆ ಹೊರಡುವುದು, ಇಲ್ಲವಾದರೆ ಐದರ ತನಕ ನೆರಳಲ್ಲಿ ನಿಂತು ಸಂಜೆ ಹೊರಡುವುದು ಲೇಸು. ಈ ವೇಳೆಯ ಬದಲಾವಣೆ ಏಪ್ರಿಲ್, ಮೇ ತಿಂಗಳುಗಳಿಗೆ ಮಾತ್ರ. ಮೈ ಪಳಗದ ಮಾರ್ಚ್ ತಿಂಗಳಿಗೆ ಅದು ಅನ್ವಯಿಸುವುದಿಲ್ಲ.

ಬಿಸಿಗಾಳಿಯ ಎಚ್ಚರಿಕೆಯ ವಿಷಯದಲ್ಲಿಯೂ ಇದೇ ತೊಡಕು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ಆ ಸ್ಥಳದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದನ್ನು ಬಿಸಿಗಾಳಿಯೆಂದು ಕರೆಯುತ್ತಾರೆ. ವಾಡಿಕೆ ಏನೇ ಇರಲಿ, 45 ಮುಟ್ಟಿದರೂ ಬಿಸಿಗಾಳಿಯೇ. ಕಲಬುರಗಿಯಲ್ಲಿ ಮಾರ್ಚ್ ತಿಂಗಳಲ್ಲಿ 39 ಡಿಗ್ರಿ ಇದ್ದರೆ ಈ ಅಳತೆಗೆ ಅದು ಬಿಸಿಗಾಳಿಯಲ್ಲ. ಎಚ್ಚರಿಕೆ ಪ್ರಕಟವಾಗಲಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಲಾಗದು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲು ಮೈದಾನದ ಸಮಾರಂಭವೊಂದಕ್ಕೆ ಸೇರಿದ್ದ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನಿಂದ ತೀರಿಕೊಂಡರು. ಅಂದು ಆ ಭಾಗದ ಉಷ್ಣತೆ 40ನ್ನು ಮುಟ್ಟಿರಲಿಲ್ಲ. ನೆರಳಿಲ್ಲದೆ ತಾಸುಗಟ್ಟಲೆ ಕುಳಿತದ್ದು, ಗಾಳಿಯ ತೇವ, ಜನಸಂದಣಿ ಇವು ಸೇರಿದರೆ ಅಷ್ಟೇ ಸಾಕಾಗುತ್ತದೆ. ಜಾತ್ರೆಗೆ ಮುದುಕರನ್ನೂ ಎಳೆಗೂಸುಗಳನ್ನೂ ಕರೆದೊಯ್ಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ಪೇಟೆಗೆ ಎತ್ತಿನ ಗಾಡಿ ತರುವವರು ಇನ್ನೂ ಇದ್ದಾರೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ, ಉಷ್ಣತೆ 37 ಡಿಗ್ರಿ ಮೀರುವ ಪ್ರದೇಶಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಎತ್ತುಗಳನ್ನು ಗಾಡಿಗೆ ಹೂಡಬಾರದು. ಒಳ್ಳೆಯ ನಿಯಮ. ಗಾಡಿಯ ಮೇಲೆ ಕುಳಿತವನಿಗೂ, ಅದರಿಂದ ಚೀಲ ಇಳಿಸುವ ಹಮಾಲನಿಗೂ ಆ ನಿಯಮದಲ್ಲಿ ಜಾಗವಿಲ್ಲವಾದರೂ, ಎತ್ತಿನ ಜೊತೆಗೆ ಅವರೂ ಆ ಮೂರು ತಾಸು ನೆರಳು ಹಿಡಿಯಲು ಯಾರ ಅಡ್ಡಿಯೂ ಇಲ್ಲ.

ನೀರು, ಉಪ್ಪು, ಊಟ

ಬಾಯಾರಿದಾಗ ಕುಡಿದರಾಯಿತೆಂಬುದು ಬಿಸಿಲಿನ ಕೆಲಸಕ್ಕೆ ಸಾಲದು. ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಬಿಸಿಲಿನಲ್ಲಿ ದುಡಿಯುವಾಗ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಂತೆ, ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್ ನೀರು ಕುಡಿಯಬೇಕು. ಒಂದೇ ಸಲಕ್ಕೆ ಎರಡು ಮೂರು ಲೀಟರ್ ಕುಡಿಯುವುದೂ ತಪ್ಪು. ರಕ್ತದ ಉಪ್ಪು ತೆಳುವಾಗಿ ಬೇರೆ ತೊಂದರೆ ಬರುತ್ತದೆ. ಮೂತ್ರದ ಬಣ್ಣ ನೋಡಿಕೊಳ್ಳುವುದು ಸುಲಭದ ಪರೀಕ್ಷೆ. ತಿಳಿಹಳದಿಯಾಗಿದ್ದರೆ ಸರಿ, ಕಡುಹಳದಿಯಾಗಿದ್ದರೆ ನೀರು ಸಾಲದು. ಪೇಟೆಗೆ ಹೋಗುವ ಹೆಣ್ಣುಮಕ್ಕಳು ಶೌಚಕ್ಕೆ ಜಾಗವಿರುವುದಿಲ್ಲವೆಂದು ಬೆಳಗಿನಿಂದ ನೀರು ಬಿಡುವುದುಂಟು. ಇವರಲ್ಲಿ ತಲೆಸುತ್ತು ಹೆಚ್ಚಾಗಿ ಕಂಡರೆ ಆಶ್ಚರ್ಯವಿಲ್ಲ. ಮಾರುಕಟ್ಟೆ ಸಮಿತಿಗಳು ಕುಡಿಯುವ ನೀರಿನ ಜೊತೆಗೆ ಬೀಗವಿಲ್ಲದ ಶೌಚಾಲಯವನ್ನೂ ಒದಗಿಸಿದರೆ ಮಾತ್ರ ಆ ನೀರಿನ ಪ್ರಯೋಜನವಾದೀತು.

ಮೈ ಪಳಗದ ಮೊದಲ ದಿನಗಳಲ್ಲಿ ಬೆವರಿನ ಜೊತೆ ಉಪ್ಪೂ ಹೆಚ್ಚು ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ನಿಂಬೆಯ ಪಾನಕ ಇವು ಈ ನಷ್ಟವನ್ನು ತುಂಬಲು ಉತ್ತಮ. ರೊಟ್ಟಿ-ಪಲ್ಯದ ಊಟ ಹೊತ್ತಿಗೆ ಸರಿಯಾಗಿ ಮಾಡುವವನಿಗೆ ಉಪ್ಪಿನ ಮಾತ್ರೆಗಳ ಅಗತ್ಯವಿಲ್ಲ. ಓ.ಆರ್.ಎಸ್. ಪುಡಿಯನ್ನು ಬಳಸುವಾಗ ಒಂದು ಎಚ್ಚರಿಕೆ. ದೊಡ್ಡ ಪೊಟ್ಟಣದ 20.5 ಗ್ರಾಂ ಪುಡಿಯನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು, ಒಂದು ಲೋಟಕ್ಕೆ ಕಲಸಿ ಕುಡಿದರೆ ಕೆಡುಕಾಗುತ್ತದೆ. ಪುಡಿ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿಕೊಳ್ಳಬಹುದು. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಬೇಸಿಗೆ ಏರುವ ಮೊದಲೇ ನೀರು, ಉಪ್ಪು ಮತ್ತು ಔಷಧಿಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು. ತಾವಾಗಿಯೇ ಔಷಧಿ ನಿಲ್ಲಿಸಬಾರದು. ಹೆಂಡ, ಸಾರಾಯಿ ಬಿಸಿಲಿಗೆ ಶತ್ರುಗಳು.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೆಂಬ ನಂಬಿಕೆ ಹಲವೆಡೆ ಇದೆ. ಅದನ್ನು ರೊಟ್ಟಿಯ ಜೊತೆ ತಿಂದರೆ ಅಷ್ಟಿಷ್ಟು ನೀರಾದರೂ ಹೊಟ್ಟೆಗೆ ಹೋದೀತು. ಜೇಬಿನಲ್ಲಿದ್ದರೆ ಜೇಬಿಗೆ ವಾಸನೆ ಮಾತ್ರ. ಅದರ ಬದಲು ತಲೆಗೆ ಒದ್ದೆ ಮಾಡಿದ ಹತ್ತಿಯ ರುಮಾಲು ಸುತ್ತಿಕೊಳ್ಳುವ ಹಿರಿಯರ ಪದ್ಧತಿ ಶಾಸ್ತ್ರೀಯವಾಗಿಯೂ ಸರಿಯಾದದ್ದು.

ಬಿಸಿಲು ಬಡಿದಾಗ

ಮೊದಲು ಕಾಲಿನ ಮೀನಖಂಡ, ಹೊಟ್ಟೆಯ ಸ್ನಾಯುಗಳಲ್ಲಿ ಸೆಳೆತ ಬರಬಹುದು. ಆಮೇಲೆ ಬಳಲಿಕೆ, ವಿಪರೀತ ಬೆವರು, ತಲೆನೋವು, ಓಕರಿಕೆ, ಕಣ್ಣು ಕತ್ತಲೆ ಬರುತ್ತವೆ. ಈ ಹಂತದಲ್ಲಿ ಕೆಲಸ ನಿಲ್ಲಿಸಿ, ನೆರಳಿನಲ್ಲಿ ಕಾಲು ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ನೀರು-ಉಪ್ಪು ಕೊಟ್ಟರೆ ಬಹುತೇಕ ಜನ ಚೇತರಿಸಿಕೊಳ್ಳುತ್ತಾರೆ. ಅಂಥವರನ್ನು ಆ ದಿನ ಮತ್ತೆ ಕೆಲಸಕ್ಕೆ ಹಚ್ಚಬಾರದು.

ಉಷ್ಣಾಘಾತ ಇದಕ್ಕಿಂತ ಬೇರೆ. ಮೈಯೊಳಗಿನ ಉಷ್ಣತೆ 40 ಡಿಗ್ರಿ ಮೀರಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಗುರುತಿಸಬೇಕಾದ ಲಕ್ಷಣ ಒಂದೇ: ಮನುಷ್ಯನ ನಡವಳಿಕೆ ಕೆಡುವುದು. ತಪ್ಪು ತಪ್ಪು ಮಾತಾಡುವುದು, ಹೆಸರು ಕೇಳಿದರೆ ಹೇಳಲಾರದಿರುವುದು, ಸಿಟ್ಟಿಗೇಳುವುದು, ತೂರಾಡುವುದು, ಕೊನೆಗೆ ಪ್ರಜ್ಞೆ ತಪ್ಪುವುದು ಅಥವಾ ಸೆಟೆಯುವುದು. ಕುಡಿದಿದ್ದಾನೆಂದು ಭಾವಿಸಿ ಸುಮ್ಮನೆ ಮಲಗಲು ಬಿಟ್ಟರೆ ಪ್ರಾಣ ಹೋದೀತು. ಚರ್ಮ ಒಣಗಿ ಸುಡುತ್ತಿದ್ದರೆ ಮಾತ್ರ ಉಷ್ಣಾಘಾತವೆಂದು ಹಳೆಯ ಪುಸ್ತಕಗಳಲ್ಲಿರುತ್ತದೆ. ಅದು ಮನೆಯೊಳಗಿನ ಮುದುಕರಿಗೆ ಹೆಚ್ಚಾಗಿ ಹೊಂದುತ್ತದೆ. ಚೀಲ ಹೊರುತ್ತಿದ್ದ ಗಟ್ಟಿ ಆಳಿಗೆ ಮೈತುಂಬ ಬೆವರಿರುವಾಗಲೇ ಉಷ್ಣಾಘಾತ ಆಗಬಹುದು.

ಇಲ್ಲಿ ಕಾಲವೇ ಮುಖ್ಯ. ಅರ್ಧ ತಾಸಿನೊಳಗೆ ಮೈ ತಣಿದರೆ ಬದುಕುವ ಸಂಭವ ಬಹಳ ಹೆಚ್ಚು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ತಣಿಸತೊಡಗಬೇಕು. ವಾಹನಕ್ಕಾಗಿ ಕಾಯುತ್ತ ನಿಲ್ಲುವುದು, ತಣಿಸದೆಯೇ ಬಿಸಿ ಜೀಪಿನಲ್ಲಿ ತುಂಬಿಕೊಂಡು ಹೊರಡುವುದು ಎರಡೂ ತಪ್ಪು. ನೆರಳಿಗೆ ಎಳೆದು, ಹೊರಬಟ್ಟೆ ತೆಗೆದು, ತಲೆಯಿಂದ ಕಾಲಿನವರೆಗೆ ಕೊಡದಿಂದ ನೀರು ಸುರಿಯುತ್ತಲೇ ಇರಬೇಕು, ಚೀಲ, ರಟ್ಟು, ಮೊರ ಯಾವುದು ಸಿಕ್ಕರೆ ಅದರಿಂದ ಬೀಸಬೇಕು. ಮಾರುಕಟ್ಟೆಯಲ್ಲಿ ದನಗಳ ನೀರಿನ ತೊಟ್ಟಿಯಿದ್ದರೆ ಗಟ್ಟಿಮುಟ್ಟಾದ ದುಡಿಯುವ ಆಳನ್ನು ಕುತ್ತಿಗೆಯವರೆಗೆ ಅದರಲ್ಲಿ ಕೂರಿಸಿ, ತಲೆ ಮುಳುಗದಂತೆ ಇಬ್ಬರು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಬೇಗ ತಣಿಸುವ ವಿಧಾನ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಯಲ್ಲಿಡಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆಗಳಿಂದ ಈ ಕಾವು ಇಳಿಯುವುದಿಲ್ಲ, ಅವು ಹಾನಿಯನ್ನೂ ಮಾಡಬಹುದು. ದಾರಿಯುದ್ದಕ್ಕೂ ತಣಿಸುವುದನ್ನು ನಿಲ್ಲಿಸಬಾರದು.

ನಿಲ್ಲಿಸಿದ ಕಾರು, ಜೀಪುಗಳೊಳಗೆ ಮಗುವನ್ನು ಐದು ನಿಮಿಷಕ್ಕೂ ಬಿಡಬಾರದು. ಗಾಜು ತುಸು ಇಳಿಸಿದರೂ ಹತ್ತು ನಿಮಿಷದಲ್ಲಿ ಒಳಗಿನ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ.

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವ, ತರಬೇತಿಗಳನ್ನು ಮಾರ್ಚ್ ಮಧ್ಯದಿಂದಲೇ ಬೆಳಿಗ್ಗೆ ಹತ್ತರೊಳಗೆ ಮುಗಿಯುವಂತೆ ಇಟ್ಟುಕೊಳ್ಳುವುದು ಅವಶ್ಯ. ಅತಿಥಿಗಳು ತಡವಾಗಿ ಬರುವುದರಿಂದ ರೈತರು ಶಾಮಿಯಾನದ ಕೆಳಗೆ ಹನ್ನೆರಡರವರೆಗೆ ಕಾಯುವ ಪದ್ಧತಿ ಮೊದಲು ನಿಲ್ಲಬೇಕು. ಬೇಸಿಗೆ ಬೆಳೆಗಳಿಗೆ ಔಷಧಿ ಸಿಂಪಡಿಸುವವರ ವಿಷಯದಲ್ಲಿ ಹೆಚ್ಚಿನ ಕಾಳಜಿ ಬೇಕು. ಮೈಮುಚ್ಚುವ ಉಡುಪು ಬೆವರು ಆರಲು ಬಿಡುವುದಿಲ್ಲ, ಬಿಸಿಯೆಂದು ಉಡುಪು ಬಿಟ್ಟರೆ ವಿಷ ಮೈಗೆ ತಗಲುತ್ತದೆ. ಆದ್ದರಿಂದ ಸಿಂಪರಣೆಯನ್ನು ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೆ ಸಂಜೆ ತಂಪಿನಲ್ಲಿ ಮಾಡುವುದೇ ದಾರಿ.

ಮೊದಲ ಮಳೆ ಬಿದ್ದ ಮೇಲೆ

ಏಪ್ರಿಲ್ ಉತ್ತರಾರ್ಧದಲ್ಲಿ ಅಶ್ವಿನಿ, ಭರಣಿಯ ಮಳೆಗಳು ಒಂದೆರಡು ಬಿದ್ದರೆ ಉಷ್ಣತೆ ನಾಲ್ಕೈದು ಡಿಗ್ರಿ ಇಳಿದು ಜನ ನಿಟ್ಟುಸಿರು ಬಿಡುತ್ತಾರೆ. ಮರುದಿನ ಬಿಸಿಲು ಬಂದಾಗ ನೆಲದ ತೇವ ಗಾಳಿಗೇರಿ ಧಗೆ ಹುಟ್ಟುತ್ತದೆ. ಉಷ್ಣಮಾಪಕ 36 ತೋರಿಸಿದರೂ ಬೆವರು ಆರುವುದಿಲ್ಲವಾದ್ದರಿಂದ ಒಣ ಹವೆಯ 40ರಷ್ಟೇ ಎಚ್ಚರ ಬೇಕು. ಗುಡುಗು ಕೇಳಿದೊಡನೆ ಮರದ ನೆರಳನ್ನು ಬಿಟ್ಟು ಭದ್ರವಾದ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಅಲ್ಲಿಯೇ ಇರಬೇಕು. ಇಂಥ ಮೋಡದ ವಾತಾವರಣ ಎಂಟು-ಹತ್ತು ದಿನ ಮುಂದುವರಿದು ಹೊರಗಿನ ಕೆಲಸ ನಿಂತಿದ್ದರೆ, ಮತ್ತೆ ಬಿಸಿಲು ಬಿದ್ದ ದಿನ ಅರ್ಧ ಕೆಲಸದಿಂದಲೇ ಆರಂಭಿಸಿ ನಾಲ್ಕನೆಯ ದಿನಕ್ಕೆ ಪೂರ್ತಿ ಕೆಲಸಕ್ಕೆ ಬರತಕ್ಕದ್ದು.